ಡೈರಿ ಗ್ರೂಪಿಗೆ ಬಿದ್ದ ಎಂಜಲು

ಮುನಿವೆಂಕಟಪ್ಪನ ಎಂಜಲು ತಲುಪಿದ ದಿನ ಹೈದರಾಬಾದಿನ ಲ್ಯಾಬಿನ ಕಂಪ್ಯೂಟರುಗಳೆಲ್ಲ ಎದ್ದು ನಿಂತು ಕೈಮುಗಿದಿದ್ದವು. ಜಂಗಮಕೋಟೆಯ ಹಾಲಿನ ಡೈರಿ ಮುಂದೆ ಅವನು ಹೇಳಿದ್ದೇ ಹಾಗೆ. "ನೂರಿಪ್ಪತ್ತು ವರ್ಷ ಗ್ಯಾರಂಟಿ ಗುಂಡಿಗೆ ಕಣ್ರಪ್ಪಾ, ಇಂಥಾದ್ದು ಏಷ್ಯಾದಲ್ಲೇ ಒಂದು ಅಂದ್ರಂತೆ!"

ಡೈರಿ ಅಧ್ಯಕ್ಷರ ಚುನಾವಣೆ ಹತ್ತಿರವಿತ್ತು. ಎದುರಾಳಿ ಚೆನ್ನರಾಯಪ್ಪ, "ಆವಯ್ಯ ಒಳಗೆಲ್ಲ ಟೊಳ್ಳು" ಎಂದು ಊರೆಲ್ಲ ಹಬ್ಬಿಸಿದ್ದ. ಅದಕ್ಕೇ ಮುನಿವೆಂಕಟಪ್ಪ ಮಗಳು ಯಾಮಿನಿಗೆ ಹೇಳಿ, ಎಂಜಲು ಕಳಿಸಿದರೆ ವಂಶದ ಕಾಯಿಲೆಗಳನ್ನೆಲ್ಲ ಹೇಳುವ ಪರೀಕ್ಷೆಯ ಪೆಟ್ಟಿಗೆ ತರಿಸಿದ್ದು. ಆದರೆ ಉಗಿಯುವ ಸೀಸೆ ಕೈಗೆ ಬಂದಾಗ ಗುಟ್ಟು ಹೊರಬಿದ್ದೀತು ಅನ್ನಿಸಿತು. ಅವನ ಸಕ್ಕರೆ ಕಾಯಿಲೆ ಹೆಂಡತಿಗೂ ಗೊತ್ತಿರಲಿಲ್ಲ. ಮಾತ್ರೆಗಳು ರೇಷ್ಮೆಹುಳದ ಮನೆಯಲ್ಲಿ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಹಿಂದೆ ಅಡಗಿದ್ದವು. ಡೈರಿಯವನ ಬುದ್ಧಿ ಎಲ್ಲಿ ಹೋದೀತು? ಸ್ಯಾಂಪಲ್ ಕೇಳಿದರೆ ಕೊಟ್ಟಿಗೆಯ ಒಳ್ಳೆಯ ಹಸುವಿನ ಹಾಲನ್ನೇ ಮುಂದಿಡಬೇಕು. ಆಸ್ಪತ್ರೆ ಮೆಟ್ಟಿಲು ಹತ್ತದ ಹೆಂಡತಿ ವೆಂಕಟರತ್ನಮ್ಮನ ಬಾಯಿಗೆ ಸೀಸೆ ಹಿಡಿದು, "ಸರ್ಕಾರದ ಹಲ್ಲಿನ ಪರೀಕ್ಷೆ ಕಣೇ, ಉಗಿ" ಎಂದ.

ರಿಪೋರ್ಟು ಇಂಗ್ಲಿಷಿನಲ್ಲಿ ಬಂತು. ಹಸಿರು ಗೆರೆಗಳು ಜಾಸ್ತಿ ಇದ್ದವು. ಅವನಿಗೆ ಅಷ್ಟು ಸಾಕಾಯಿತು. ಡೈರಿಯ ವಾಟ್ಸಾಪ್ ಗ್ರೂಪಿಗೆ ಹಾಕಿಯೇಬಿಟ್ಟ.

ಮರುದಿನ ಬೆಳಗ್ಗೆ ಹಾಲು ಹಾಕುವ ಸಾಲಿನಲ್ಲಿ ಚೆನ್ನರಾಯಪ್ಪ ಫೋನು ಎತ್ತಿ ಹಿಡಿದ. ಮಗಳ ಕೈಲಿ ಓದಿಸಿಕೊಂಡು ಬಂದಿದ್ದ. "ಹೆಣ್ಣು ಅಂತ ಬರ್ದವ್ರೆ! ಏನಪ್ಪ, ಮಹಿಳಾ ಮೀಸಲಾತಿಲಿ ನಿಂತಿದ್ದೀಯಾ?"

ಆ ನಗೆಗೆ ಚಿಂತಾಮಣಿಯವರೆಗೂ ಹಾಲಿನ ಕ್ಯಾನುಗಳು ಅಲುಗಾಡಿದವು.

"ಹೈದರಾಬಾದಲ್ಲಿ ಗಟ್ಟಿ ಗಂಡಸರಿಗೆ ಹಂಗೇ ಬರೆಯೋದು ಕಣಯ್ಯ!" ಎಂದ ಮುನಿವೆಂಕಟಪ್ಪ.

"ವಯಸ್ಸಾದ್ಮೇಲೆ ಮರೆವಿನ ಕಾಯಿಲೆ ಬರಬೋದಂತೆ, ಮಕ್ಕಳಿಗೂ—"

ಕ್ಯಾನು ಕುಕ್ಕಿದ ಸದ್ದಾಯಿತು. ಸಾಲಿನ ಕೊನೆಯಲ್ಲಿ ವೆಂಕಟರತ್ನಮ್ಮ ನಿಂತಿದ್ದಳು.

"ಅದು ನನ್ನ ಎಂಜಲು," ಎಂದಳು. "ನಮ್ಮಮ್ಮ ಕೊನೆಗೆ ನನ್ನ ಹೆಸರೇ ಮರ್ತಿದ್ಲು. ನಂಗೂ ಹಂಗೇ ಆಗ್ತದೇನೋ ಅನ್ನೋ ಭಯಾನ ಯಾಮಿನಿಗೂ ಹೇಳಿರ್ಲಿಲ್ಲ. ನೀವು ಊರಿಗೆಲ್ಲ ಹಂಚಿದ್ರಲ್ಲ!"

ಮುನಿವೆಂಕಟಪ್ಪ ಗಡಬಡಿಸಿ ಫೋನು ತೆಗೆದು ರಿಪೋರ್ಟು ಅಳಿಸಿದ. ಅವನ ಫೋನಿನಲ್ಲಿ ಮಾತ್ರ ಅಳಿಸಿಹೋಯಿತು. "ಹೆದರ್ಬೇಡಣ್ಣ, ನನ್ನತ್ರ ಇನ್ನೂ ಐತೆ" ಎಂದು ಸಾಲಿನಲ್ಲಿದ್ದ ಕೋನಪ್ಪ ಧೈರ್ಯ ಹೇಳಿದ.

ಮುನಿವೆಂಕಟಪ್ಪ ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡ. "ಕಂಪ್ಯೂಟ್ರು ಯಾವ್ದೂ ಏಳಲಿಲ್ಲ ಕಣ್ರಪ್ಪಾ. ನಾನು ಉಗೀಲೇ ಇಲ್ಲ. ನಂಗೆ ಸಕ್ಕರೆ ಕಾಯಿಲೆ ಐತೆ. ಗೊತ್ತಾದ್ರೆ ವೋಟು ಹೋಗ್ತವೆ ಅಂತ ಇವಳ್ನ ಏಮಾರಿಸಿದೆ. ಇವಳದ್ದು ಅಳಿಸ್ರಪ್ಪಾ, ಬೇಕಾದ್ರೆ ನಂದು ಹಾಕ್ಕಳ್ಳಿ."

ಮೊದಲು ಅಳಿಸಿದವನು ಚೆನ್ನರಾಯಪ್ಪನೇ.

"ಎಷ್ಟೈತೆ ಸಕ್ಕರೆ?" ವೆಂಕಟರತ್ನಮ್ಮ ಕೇಳಿದಳು.

"ಒಂಚೂರು."

ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ.

"ಮುನ್ನೂರು," ಎಂದ.