ಬೀಗರ ಗಾಡಿಗೆ ಬ್ರೇಕ್ ಕೇಳಬಹುದೇ?

ಅಮ್ಮಿನಬಾವಿಯ ಶಿದ್ದಪ್ಪನಿಗೆ ಐವತ್ತು ದಾಟಿದ ಮೇಲೆ ಬೈಕ್ ಓಡಿಸುವ ಲೈಸೆನ್ಸ್ ಬಂತು. ಬೈಕ್ ಇನ್ನೂ ಬಂದಿರಲಿಲ್ಲ, ಹೆಲ್ಮೆಟ್ ಮಾತ್ರ ಬಂದಿತ್ತು. ಅದನ್ನು ಹಾಕಿಕೊಂಡೇ ಕಿರಾಣಿ ಅಂಗಡಿಗೆ ಹೋದ, ಹಾಕಿಕೊಂಡೇ ಕಟ್ಟೆಯ ಮೇಲೆ ಹರಟೆಗೆ ಕೂತ. ಒಂದು ಮುಂಜಾನೆ ಹಾಗೆಯೇ ಹಾಲು ಹಿಂಡಲು ಕೂತಾಗ, ಇವನ್ಯಾರೋ ಕಳ್ಳ ಎಂದು ಎಮ್ಮೆ ಒದ್ದುಬಿಟ್ಟಿತು. ಹಾಲೆಲ್ಲ ನೆಲದ ಪಾಲು. ನಗಬೇಡಿ, ಹೊಸ ವಾಚು ಕಟ್ಟಿದ ದಿನ ನೀವೂ ತೋಳು ಮೇಲೇರಿಸಿಕೊಂಡೇ ಓಡಾಡಿದವರೇ.

“ಮೊದಲ ಗಾಡಿ ತರ್ರಿ, ಆಮ್ಯಾಲ ಆ ಗಡಿಗಿ ತಲೀಗೆ ಹಾಕ್ಕೋರಿ!” ಎಂದು ಹೆಂಡತಿ ದುರಗವ್ವ ಕೂಗಾಡಿದಳು.

ಅವಳ ಸಿಟ್ಟು ಸುಳ್ಳಲ್ಲ. ದಿನಾ ಧಾರವಾಡಕ್ಕೆ ಮೊಸರು ಒಯ್ಯುವವಳು ಅವಳು. ಬಸ್ಸು ಬರುವಾಗಲೇ ತುಂಬಿರುತ್ತದೆ. ಮೊಸರು ಚೆಲ್ಲಿದರೆ ಪಕ್ಕದವರ ಬೈಗುಳ, ಚೆಲ್ಲದಿದ್ದರೆ ತೋಳು ನೋವು. ಹೊಸ ಬೈಕ್ ಕೊಳ್ಳುವ ಶಕ್ತಿ ಇಲ್ಲ. ಉಪ್ಪಿನಬೆಟಗೇರಿಯಲ್ಲಿ ಮಗಳು ಲಕ್ಷ್ಮೀಯನ್ನು ಕೊಟ್ಟ ಮನೆಯಲ್ಲಿ ಒಂದು ಹಳೆ ಬೈಕ್ ಇತ್ತು. ಬೀಗರು ಮಡಿವಾಳಪ್ಪ ಅದನ್ನು ಮಾರುವವರಿದ್ದರು.

ಪಕ್ಕದ ಮನೆಯ ನಜ್ಮಾ ಧಾರವಾಡದ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಶಿದ್ದಪ್ಪನಿಗೆ ಕಲಿಸಿದವಳೂ ಅವಳೇ.

“ಕಾಕಾ, ಹೊಸದಾಗಿ ಕಲ್ತಾವ್ರಿಗೆ ಹಳೇ ಗಾಡಿನ ಛಲೋ. ಎಲ್ಲ್ಯಾರ ಬಿದ್ದು ಗೀಚಿದ್ರ ಹೊಟ್ಟಿ ಉರಿಯಂಗಿಲ್ಲ. ಆದ್ರ ಪೂರಾ ನೋಡಿ ತಗೊಳ್ರಿ. ಬ್ರೇಕ್ ಹಿಡದು ನೋಡ್ರಿ.”

“ಏ ಹುಚ್ಚವ್ವ, ಅದು ಬೀಗರ ಗಾಡಿ! ಬೀಗರ ಮುಂದ ಬ್ರೇಕ್ ಹಿಡದು ನೋಡಿದ್ರ, ನಿಮ್ಮ ಮ್ಯಾಲ ವಿಶ್ವಾಸ ಇಲ್ಲ ಅಂದಂಗಾತು. ನಾಳಿ ಮಗಳು ಆ ಮನ್ಯಾಗ ಹೆಂಗ ಮಾರಿ ತೋರಸ್ತಾಳ?”

“ಓಡಸಾವ್ರು ನೀವು, ಹಿಂದ ಕುಂದ್ರಾಕಿ ನಾನು,” ಎಂದಳು ದುರಗವ್ವ. “ಬ್ರೇಕ್ ಹಿಡೀಲಿಲ್ಲಂದ್ರ ನನ್ನ ಮಾರಿ ಏನಾಗಬೇಕ್ರಿ?”

ಕೊನೆಗೆ ಒಂದು ಒಪ್ಪಂದವಾಯಿತು. ನಜ್ಮಾ ಜೊತೆಗೆ ಬರಬಹುದು. ಆದರೆ ಬೀಗರ ಮನೆಯಲ್ಲಿ ಬಾಯಿ ಬಿಚ್ಚಬಾರದು.

ಉಪ್ಪಿನಬೆಟಗೇರಿಯಲ್ಲಿ ಭರ್ಜರಿ ಸ್ವಾಗತ. ಹೋಳಿಗೆ ಊಟ. ಬೇವಿನ ಗಿಡದ ನೆರಳಿನಲ್ಲಿ ಬೈಕ್, ಅದಕ್ಕೆ ಚೆಂಡುಹೂವಿನ ಹಾರ, ಗಾಲಿಯ ಕೆಳಗೆ ಲಿಂಬೆಹಣ್ಣು. ನಜ್ಮಾ ಎಂಜಿನ್ ಹತ್ತಿರ ಕೈ ಹಿಡಿದಳು. ಬಿಸಿ ಬಡಿಯಿತು. ಅವಳು ಕಣ್ಣಿನಲ್ಲೇ ದುರಗವ್ವನಿಗೆ ಸನ್ನೆ ಮಾಡಿದಳು.

“ಬೀಗರ, ಗಾಡಿ ಈಗಷ್ಟ ಎಲ್ಲೋ ಹೋಗಿ ಬಂದಂಗೈತಲ್ರಿ?” ಎಂದಳು ದುರಗವ್ವ.

“ಇಲ್ರಿ, ಬಿಸಲಾಗ ನಿಂತಿತ್ತು,” ಎಂದರು ನೆರಳಿನಲ್ಲಿ ನಿಂತಿದ್ದ ಮಡಿವಾಳಪ್ಪ.

“ಛಲೋ ಐತ್ರಿ,” ಎಂದ ಶಿದ್ದಪ್ಪ. ಹತ್ತಿ ಕೂತ. ಕಾಲು ನೆಲಕ್ಕೆ ಎಟುಕಲಿಲ್ಲ. ಹೆಬ್ಬೆರಳ ತುದಿಯಲ್ಲಿ ತೂಗಾಡುತ್ತ ಮತ್ತೆ, “ಭಾಳ ಛಲೋ ಐತ್ರಿ!” ಎಂದ. ನಜ್ಮಾ ತುಟಿ ಕಚ್ಚಿಕೊಂಡಳು.

ಶಿದ್ದಪ್ಪ ಕಿಸೆಗೆ ಕೈ ಹಾಕಿದ್ದೇ ತಡ, ದುರಗವ್ವ ಎದ್ದು ನಿಂತಳು.

“ಬೀಗರ, ನಮ್ಮ ಕಡೆ ಒಂದು ಪದ್ಧತಿ ಐತ್ರಿ. ಗಾಡಿ ಕೊಡಾವ್ರು ತಮ್ಮ ಮನಿಯವ್ರನ್ನ ಹಿಂದ ಕುಂದರಿಸಿಕೊಂಡು ಊರಾಗ ಒಂದು ಸುತ್ತು ಹಾಕಬೇಕು. ಆಮ್ಯಾಲ ಕೀಲಿ ಕೊಡಬೇಕು.”

ಇಂಥ ಪದ್ಧತಿಯನ್ನು ಶಿದ್ದಪ್ಪನೂ ಕೇಳಿರಲಿಲ್ಲ. ಕೇಳಿರುವುದಾದರೂ ಹೇಗೆ? ಅದು ಹುಟ್ಟಿದ್ದೇ ಆಗ.

ಒಳಗಿನಿಂದ ಬೀಗಿತಿ ಓಡಿ ಬಂದರು. “ಯವ್ವಾ, ನಾ ಒಲ್ಲೆ! ನಾ ಆ ಗಾಡಿ ಹತ್ತಂಗಿಲ್ಲ! ಅದರ ಬ್ರೇಕ್ ಹಿಡಿಯಂಗಿಲ್ಲ. ಹ್ವಾದ ಸಲ ನನ್ನ ತಿಪ್ಪ್ಯಾಗ ಒಗದೈತಿ!”

ಶಿದ್ದಪ್ಪ ದುರಗವ್ವನ ಮುಖ ನೋಡಿದ. ಬೀಗಿತಿ ಹತ್ತಲೊಲ್ಲದ ಗಾಡಿಯ ಮೇಲೆ ಇವಳನ್ನು ಕೂರಿಸಿಕೊಂಡು ನಾಳೆಯೇ ಧಾರವಾಡಕ್ಕೆ ಹೊರಡುವವನಿದ್ದ ಅವನು. ಗಾಡಿಯಿಂದ ಕೆಳಗಿಳಿದುಬಿಟ್ಟ.

“ಬೀಗರ, ಒಂದು ಮಾತು ಹೇಳಬಾರದಿತ್ತೇನ್ರಿ?”

“ನೀವು ಒಂದು ಮಾತು ಕೇಳಬಾರದಿತ್ತೇನ್ರಿ?” ಮಡಿವಾಳಪ್ಪ ತಲೆ ತಗ್ಗಿಸಿದರು. “ನಾನಾಗಿ ಹೇಳಿದ್ರ, ಗಾಡಿ ಕೊಡಾಕ ಮನಸಿಲ್ಲ ಅಂತೀರಿ ಅಂತ ಸುಮ್ಮನಾದೆ. ತಪ್ಪಾತ್ರಿ.”

“ನೀನರ ಹೇಳಬಾರದೇನ?” ಎಂದು ಶಿದ್ದಪ್ಪ ಮಗಳ ಕಡೆ ತಿರುಗಿದ.

“ಸೊಸಿಯಾಗಿ ಮಾವನ ಗಾಡಿ ಹೆಂಗ ಹಳೀಲಿ ಅಪ್ಪಾ?” ಎಂದಳು ಲಕ್ಷ್ಮೀ. ಅವಳ ಕಣ್ಣಲ್ಲಿ ನೀರಿತ್ತು.

ನೋಡಿ, ಎಲ್ಲರಿಗೂ ಗೊತ್ತು, ಎಲ್ಲರಿಗೂ ಮರ್ಯಾದೆ. ಬ್ರೇಕಿಗೆ ಮರ್ಯಾದೆ ಗೊತ್ತಿಲ್ಲವಲ್ಲ!

“ಈಗ ಬಾಯಿ ಬಿಚ್ಚಲೇನ್ರಿ ಕಾಕಾ?” ಎಂದಳು ನಜ್ಮಾ.

“ಬಿಚ್ಚವಾ.”

“ತಣ್ಣಗಿದ್ದಾಗ ಎಂಜಿನ್ ಲಗೂ ಚಾಲೂ ಆಗಂಗಿಲ್ಲ, ಅದಕ್ಕ ನಾವು ಬರೂಕಿಂತ ಮೊದಲ ಚಾಲೂ ಮಾಡಿ ಇಟ್ಟಾರ. ನೋಡಾಕ ಹೋದಾಗ ಎಂಜಿನ್ ತಣ್ಣಗ ಇರಬೇಕು. ಟೈರ್ ನೋಡ್ರಿ, ಒಣಗಿ ಸೀಳ್ಯಾವು. ಹೊಸಬರಿಗೆ ಎರಡೂ ಕಾಲು ನೆಲಕ್ಕ ಊರೂವಂಥಾ ಹಗೂರ ಗಾಡಿ ಬೇಕು. ಆರ್‌ಸಿ ಬುಕ್ಕಿನಾಗಿನ ನಂಬರೂ ಗಾಡಿ ಮ್ಯಾಲಿನ ಚಾಸಿ ನಂಬರೂ ಒಂದ ಇರಬೇಕು. ಹದಿನೈದು ವರ್ಷ ದಾಟಿದ ಗಾಡಿ ಆದ್ರ ನೋಂದಣಿ ಮತ್ತ ಮಾಡಿಸಿರಬೇಕು. ಇನ್ಶೂರೆನ್ಸ್ ಚಾಲೂ ಇರಬೇಕು, ಗಾಡಿ ನಿಮ್ಮ ಹೆಸರಿಗೆ ಆಗಬೇಕು…”

“ನೀರು ಕುಡಿಯವ್ವಾ ಮೊದಲ,” ಎಂದು ಬೀಗಿತಿ ತಂಬಿಗೆ ಕೊಟ್ಟರು. ಎಲ್ಲರೂ ನಕ್ಕರು, ಮಡಿವಾಳಪ್ಪನವರೂ ನಕ್ಕರು. ಬೀಗತನ ಎಲ್ಲೂ ಮುರಿಯಲಿಲ್ಲ. ಇನ್ನೊಂದು ಹೋಳಿಗೆ ಬಿತ್ತು, ಅಷ್ಟೇ.

ಮುಂದೆ ಶಿದ್ದಪ್ಪ ಧಾರವಾಡದಲ್ಲಿ ಬೇರೊಂದು ಹಳೆ ಬೈಕ್ ಕೊಂಡ. ಮುಂಜಾನೆಯ ತಂಪಿನಲ್ಲಿ ಹೋಗಿ ಚಾಲೂ ಮಾಡಿಸಿ ನೋಡಿದ. ನಜ್ಮಾ ಓಡಿಸಿ ನೋಡಿದಳು, ಗುರುತಿನ ಮೆಕ್ಯಾನಿಕ್ ಇಕ್ಬಾಲ ಬಿಚ್ಚಿ ನೋಡಿದ. ಕೈ ಕುದುರುವ ತನಕ ಶಿದ್ದಪ್ಪ ಒಬ್ಬನೇ ಓಡಿಸಿದ. ಆಮೇಲೆ ದುರಗವ್ವ ಹತ್ತಿದಳು, ಅವಳ ತಲೆಗೂ ಒಂದು ಹೆಲ್ಮೆಟ್. ಎಮ್ಮೆಗೆ ಮಾತ್ರ ಈಗ ಇಬ್ಬರ ಮೇಲೂ ಅನುಮಾನ.

ಹಳೆ ಗಾಡಿ ಕೊಳ್ಳಲು ಹೊರಟಿರುವ ಅಣ್ಣ, ತಮ್ಮ, ಅಕ್ಕ, ತಂಗಿಯರೇ, ಕೊಡುವವರು ಬೀಗರಿರಲಿ, ಗೆಳೆಯರಿರಲಿ, ನಾಚಬೇಡಿ. ಬ್ರೇಕ್ ಹಿಡಿದು ನೋಡಿ, ಕಾಗದ ತೆಗೆಸಿ ಓದಿ, ತಿಳಿದವರನ್ನು ಜೊತೆಗೆ ಕರೆದೊಯ್ಯಿರಿ. ಆದರೂ ಕೇಳಲು ಬಾಯಿ ಬರದಿದ್ದರೆ ದುರಗವ್ವನ ಪದ್ಧತಿ ನಿಮಗೂ ಇರಲಿ: “ನಿಮ್ಮ ಮನಿಯವ್ರನ್ನ ಹಿಂದ ಕುಂದರಿಸಿಕೊಂಡು ಒಂದು ಸುತ್ತು ಹಾಕಿ ಬರ್ರಿ!”