ಅಮ್ಮ ಸೀಳಿದ ಕಾದಂಬರಿ

ಅಮ್ಮ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ಇಟ್ಟಿದ್ದ ಕಾಲದಲ್ಲಿ ಬರ್ಮಾದ ಯಾಂಗೋನಿನಲ್ಲಿ ದಪ್ಪ ಪುಸ್ತಕಗಳಿಗೆ ಉಳಿಗಾಲವಿರಲಿಲ್ಲ. ಕಾಯುವ ಗಿರಾಕಿಗಳು ಹೆಚ್ಚಾದರೆ ಪುಸ್ತಕವನ್ನು ನಡುವಿಗೆ ಸೀಳಿ, ಬೇರೆ ಬೇರೆ ಹೊಲಿದು, ಇಬ್ಬರಿಗೆ ಕೊಡುತ್ತಿದ್ದಳು. ಅಪ್ಪ ಬರೆದ ಒಂದೇ ಕಾದಂಬರಿಗೂ ಅದೇ ಗತಿ ಕಾಣಿಸಿದಳು. ಗಂಡನ ಪುಸ್ತಕ ಎಂಬ ದಾಕ್ಷಿಣ್ಯವೂ ಇಲ್ಲ. ಕೊನೆಯರ್ಧ ಒಯ್ದವರು ತಿರುಗಿ ಬರಲಿಲ್ಲ, ಬೇರೆ ಪ್ರತಿ ಎಲ್ಲೂ ಸಿಗಲಿಲ್ಲ. ಗಿರಾಕಿಗಳ ಸರದಿ ಮುಗಿಯಲಿ, ಆಮೇಲೆ ಓದೋಣ ಎಂದುಕೊಂಡಿದ್ದ ಅಮ್ಮನಿಗೆ ಮೊದಲರ್ಧವಷ್ಟೇ ಓದಲು ಸಿಕ್ಕಿತು, ಕಥೆಯ ಕೊನೆ ಗೊತ್ತಾಗಲೇ ಇಲ್ಲ. ಕೇಳಿದರೆ ಅಪ್ಪ, "ಓದಿ ತಿಳ್ಕೋ," ಎನ್ನುತ್ತಿದ್ದರು. ಹೇಳದೆಯೇ ಹೋಗಿಬಿಟ್ಟರು. ಈಗ ಅಮ್ಮನಿಗೆ ಕಣ್ಣು ಕಾಣುವುದಿಲ್ಲ.

ಅದಕ್ಕೇ ನಾನು ವರ್ಷವರ್ಷವೂ ಆ ಮೊದಲರ್ಧವನ್ನು ಚೀಲಕ್ಕೆ ಹಾಕಿಕೊಂಡು ಹಳೆಯ, ಅಪರೂಪದ ಪುಸ್ತಕಗಳ ಮೇಳಕ್ಕೆ ಹೋಗುತ್ತೇನೆ. ಈ ಸಲ ಮಾಂಡಲೇಯಿಂದ ಬಂದಿದ್ದ ಊ ಸೋ ಪೈಂಗ್ ಎಂಬ ಮುದುಕರ ಮೇಜಿನ ಮೇಲೆ ಮೀನುಬಲೆಯ ದಾರದಲ್ಲಿ ಹೊಲಿದ ಅರ್ಧ ಪುಸ್ತಕವೊಂದು ಕಂಡಿತು. ಅಮ್ಮನಲ್ಲದೆ ಬೇರಾರೂ ಆ ದಾರದಲ್ಲಿ ಪುಸ್ತಕ ಹೊಲಿಯುತ್ತಿರಲಿಲ್ಲ. ನಾನು ಅದಕ್ಕೆ ಕೈ ಚಾಚಿದೆ.

"ಅದು ಮಾರೋಕಲ್ಲ ತಂಗಿ," ಎಂದರು ಮುದುಕರು, ಬಾಯಲ್ಲಿದ್ದ ವೀಳ್ಯ ಪಕ್ಕಕ್ಕೆ ಸರಿಸಿ.

"ಮತ್ಯಾಕಣ್ಣ ಮೇಜಿನ ಮೇಲಿಟ್ಟಿದೀರಿ? ಹೊಟ್ಟೆ ಉರಿಸೋಕಾ?"

"ಮೊದಲರ್ಧ ಇರೋರು ನೋಡ್ಲಿ ಅಂತ. ನಂದು ಶುರುವಾಗೋದೇ ಒಬ್ಬಳು ಬಾಚಣಿಗೇನ ನದಿಗೆ ಬಿಸಾಕೋದ್ರಿಂದ. ಯಾರ ಬಾಚಣಿಗೆ, ಯಾಕೆ ಬಿಸಾಕಿದ್ಲು, ತಲೆ ಕೆಟ್ಟುಹೋಗಿದೆ."

"ಆ ಬಾಚಣಿಗೆ ಅವಳ..."

"ಏ, ಬಾಯ್ಮುಚ್ಚು! ನಾನೇ ಓದ್ಬೇಕು."

ಚೀಲದಿಂದ ನನ್ನ ಅರ್ಧ ತೆಗೆದಿಟ್ಟೆ. ಅವರು ಅಗಿಯುವುದನ್ನೇ ಮರೆತರು. ನನ್ನದರ ಕೊನೆಯ ಪುಟದಲ್ಲಿ ಅರ್ಧಕ್ಕೆ ನಿಂತಿದ್ದ ವಾಕ್ಯ ಅವರ ಮೊದಲ ಪುಟಕ್ಕೆ ಸರಿಯಾಗಿ ಕೂಡಿತು. ಅಮ್ಮನ ವಿಷಯ ಹೇಳಿದೆ. ನಿಮ್ಮ ಪುಟಗಳ ಫೋಟೋ ತೆಗೆದುಕೊಳ್ಳಲೇ ಎಂದೆ.

"ಅಗಲಿಸಿ ಹಿಡಿದ್ರೆ ಹೊಲಿಗೆ ಬಿಟ್ಟುಹೋಗತ್ತೆ. ಬಾಡಿಗೆ ಅಂಗಡಿಯವರ ಮಗಳು ನೀನು, ಪದ್ಧತಿ ಗೊತ್ತಿಲ್ವಾ? ಒಯ್ಯೋರು ಏನಾದ್ರೂ ಒತ್ತೆ ಇಡ್ಬೇಕು. ನಿನ್ನ ಅರ್ಧ ನನ್ನ ಹತ್ರ ಇರ್ಲಿ, ನನ್ನದು ನೀನು ಒಯ್ಯಿ."

ನನ್ನ ಅರ್ಧವನ್ನು ಹತ್ತಿರಕ್ಕೆ ಎಳೆದುಕೊಂಡೆ. ಅಪ್ಪನ ಬರಹವೆಂದು ನಮ್ಮಲ್ಲಿ ಉಳಿದದ್ದು ಅದೊಂದೇ. ಮುದುಕರು ಅದನ್ನೂ ಎತ್ತಿಕೊಂಡು ಹೋದರೆ?

"ನನಗೂ ಭಯಾನೇ," ಎಂದರು ಅವರು ಮೆಲ್ಲಗೆ. "ನೀನು ಬರದಿದ್ರೆ ನನಗಿನ್ನೇನಿದೆ?"

ಓದಿ ಮುಗಿಸಿ ಮನೆಗೇ ಬನ್ನಿ ಎಂದು ವಿಳಾಸ ಬರೆದುಕೊಟ್ಟೆ, ಪುಸ್ತಕವನ್ನೂ ಕೊಟ್ಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮನೆಯಲ್ಲಿ ಅಮ್ಮ ಪುಸ್ತಕದ ಬೆನ್ನು ಸವರಿ, "ನನ್ನ ಹೊಲಿಗೆ," ಎಂದಳು. ಅದನ್ನು ಎದೆಗೊತ್ತಿಕೊಂಡಳು. ಆಮೇಲೆ ಅಂಗಡಿಯ ಹಳೆಯ ದನಿಯಲ್ಲಿ ಕೇಳಿದಳು.

"ಒತ್ತೆ ಏನಿಟ್ಟೆ?"

"ನಮ್ಮ ಮೊದಲರ್ಧ," ಎಂದೆ, ಬೈಗುಳಕ್ಕೆ ತಯಾರಾಗಿ.

ಅಮ್ಮ ನಕ್ಕಳು. "ಹಾಗಾದ್ರೆ ಬಂದೇ ಬರ್ತಾರೆ. ಅಲ್ಲೀವರೆಗೂ ಓದಿದೋರು ಮುಂದಿಂದು ಬಿಟ್ಟಿರೋಕಾಗಲ್ಲ. ನನ್ನ ಕೈಲಿ ಆಯ್ತಾ? ದಪ್ಪ ಸೂಜಿ ಹುಡುಕಿಡು, ಎರಡನ್ನೂ ಸೇರಿಸಿ ಹೊಲೀಬೇಕು. ಮೊದಲು ಓದು."

ನಾನು ಬಾಚಣಿಗೆಯಿಂದ ಶುರು ಮಾಡಿದೆ.