ಎರಡು ಬೆರಳು ಬಟ್ಟೆ

ಅಮ್ಮ ಬರುತ್ತಾಳೆಂದು ಗೊತ್ತಾದ ದಿನದಿಂದ ದರ್ಜಿ ತನ್ನ ಮನೆಯಲ್ಲಿ ತಾನೇ ಕಳ್ಳನಾಗಿಬಿಟ್ಟಿದ್ದ. ಹಲ್ಲುಜ್ಜುವ ಎರಡು ಬ್ರಷ್‌ಗಳು ಐದು ವರ್ಷದಿಂದ ಒಂದೇ ಲೋಟದಲ್ಲಿ ತಲೆಗೆ ತಲೆ ಆನಿಸಿಕೊಂಡು ನಿಂತಿದ್ದವು. ಅವಕ್ಕೂ ಬೇರೆ ಬೇರೆ ಲೋಟ ಕೊಟ್ಟು ಸಂಸಾರ ಒಡೆದ. ಕೆರೆಯ ದಂಡೆಯಲ್ಲಿ ಕೆನ್ನೆಗೆ ಕೆನ್ನೆ ತಾಗಿಸಿ ತೆಗೆಸಿಕೊಂಡಿದ್ದ ಫೋಟೋ ಅಕ್ಕಿ ಡಬ್ಬದೊಳಗೆ ಹೋಯಿತು. ಹೊಲಿಗೆ ಯಂತ್ರ, ಬಟ್ಟೆಯ ಸುರುಳಿ, ತಲೆಯಿಲ್ಲದ ಗೊಂಬೆ ತುಂಬಿಕೊಂಡಿದ್ದ ಚಿಕ್ಕ ಕೋಣೆಯಲ್ಲಿ ಜಾಗ ಮಾಡಿ, ಪಕ್ಕದ ಮನೆಯವರ ಹತ್ತಿರ ಕೇಳಿ ತಂದ ಮಡಿಚುವ ಮಂಚವೊಂದನ್ನು ಬಿಚ್ಚಿಟ್ಟ. ಅಮ್ಮನ ಪಾಲಿಗೆ ಅದು ರೂಮ್‌ಮೇಟ್ ಡ್ರೈವರನ ಕೋಣೆ. ದೊಡ್ಡ ಕೋಣೆ ದರ್ಜಿಯದು. ಮೂರು ದಿನ ಅಲ್ಲಿ ಅಮ್ಮ ಮಲಗುತ್ತಾಳೆ, ದರ್ಜಿ ಹೊರಗೆ ಸೋಫಾದ ಮೇಲೆ.

ಡ್ರೈವರ್ ಬಾಗಿಲಿಗೆ ಒರಗಿಕೊಂಡು ಸೇಬು ತಿನ್ನುತ್ತ ಇದನ್ನೆಲ್ಲ ನೋಡುತ್ತಿದ್ದ. ಹದಿನಾಲ್ಕನೇ ನಂಬರಿನ ಬಸ್ಸು ಓಡಿಸುವ ಆಳು, ಹೊಟ್ಟೆ ಸ್ಟೀರಿಂಗಿಗೆ ತಾಗುವಷ್ಟು ಬಂದಿದೆ, ನಗು ಕೊನೆಯ ಸೀಟಿನವರೆಗೂ ಕೇಳಿಸುತ್ತದೆ. ದರ್ಜಿ ಬಡಕಲು, ಮಾತು ಚುಚ್ಚುಮಾತು. ಹಾಗಾಗಿ ಡ್ರೈವರ್ ಅವನಿಗಿಟ್ಟ ಹೆಸರು ಸೂಜಿ.

"ಇನ್ನೇನಾದ್ರೂ ಬಾಕಿ ಇದ್ಯಾ ಸೂಜಿ? ನನ್ನನ್ನೂ ಮಡಚಿ ಕಪಾಟಲ್ಲಿ ಇಟ್ಬಿಡು."

"ನೀನು ಹಿಡಿಸಲ್ಲ."

"ಅದೂ ನಿಜ." ಡ್ರೈವರ್ ಸೇಬಿನ ದಿಂಡನ್ನು ಬುಟ್ಟಿಗೆ ಎಸೆದ. ಆಮೇಲೆ ಅಂಗಿಯ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ತೋರಿಸಿ ಮತ್ತೆ ಜೇಬಿಗಿಟ್ಟುಕೊಂಡ. "ಬೇರೆ ಊರಿನ ಡಿಪೋಗೆ ಜನ ಬೇಕಂತೆ. ಹೋಗೋರು ಸೋಮವಾರದೊಳಗೆ ಈ ಫಾರಂ ತುಂಬಿಕೊಡ್ಬೇಕು. ನೋಡು, ಮೂರು ದಿನ ಅಲ್ಲ, ಮೂವತ್ತು ದಿನ ಬೇಕಾದ್ರೂ ಮಡಿಚೋ ಮಂಚದಲ್ಲಿ ಮಲಗ್ತೀನಿ. ಆದರೆ ಈ ಸಲನೂ ನಿಮ್ಮಮ್ಮನಿಗೆ ನಾನು ರೂಮ್‌ಮೇಟೇ ಆದರೆ, ಆಯ್ತಪ್ಪ, ರೂಮ್‌ಮೇಟ್ ಯಾವ ಊರಲ್ಲಾದ್ರೂ ಸಿಗ್ತಾನೆ ನಿನಗೆ."

ನಗುತ್ತಲೇ ಹೇಳಿದ. ಆದರೆ ಆ ನಗು ಕೊನೆಯ ಸೀಟಿನವರೆಗೆ ಹೋಗುವ ನಗುವಾಗಿರಲಿಲ್ಲ. ಡ್ರೈವರ್ ತನ್ನ ಮನೆಯಲ್ಲಿ ತಮ್ಮಿಬ್ಬರ ವಿಷಯ ಮೂರು ವರ್ಷದ ಹಿಂದೆಯೇ ಹೇಳಿಯಾಗಿತ್ತು. ಅವನಪ್ಪ ಎಂಟು ತಿಂಗಳು ಮಾತು ಬಿಟ್ಟಿದ್ದರು. ಒಂಬತ್ತನೆಯ ತಿಂಗಳು ಫೋನ್ ಮಾಡಿ, "ಆ ನಿನ್ನ ಟೈಲರ್ ನನ್ನ ಕೋಟಿನ ತೋಳು ಗಿಡ್ಡ ಮಾಡಿಕೊಡ್ತಾನಾ ಕೇಳು" ಎಂದಿದ್ದರು. ದರ್ಜಿ ಮಾಡಿಕೊಟ್ಟಿದ್ದ. ತನ್ನ ಸರದಿ ಬಂದಾಗ ಮಾತ್ರ ಪ್ರತಿ ವರ್ಷವೂ ಒಂದೊಂದು ನೆಪ. ಹೇಳಿದರೆ ಅಮ್ಮನನ್ನು ಕಳೆದುಕೊಳ್ಳುವ ಭಯ, ಹೇಳದಿದ್ದರೆ ಇವನನ್ನು. ಗಂಟಲಲ್ಲಿ ಬಿಸಿತುಪ್ಪ.

ಅಮ್ಮನ ವಿಷಯ ಸ್ವಲ್ಪ ಹೇಳಬೇಕು. ಅವಳು ನಲವತ್ತು ವರ್ಷ ಮನೆಯ ಕಿಟಕಿಯ ಪಕ್ಕ ಯಂತ್ರ ಇಟ್ಟುಕೊಂಡು ಬೀದಿಗೆಲ್ಲ ಬಟ್ಟೆ ಹೊಲಿದವಳು. ಮಗನಿಗೆ ಕಸುಬು ಕಲಿಸಿದವಳೂ ಅವಳೇ. ಅವಳದೊಂದು ಕಟ್ಟಳೆ ಇತ್ತು. ಹೊಲಿಗೆಯ ಒಳಗೆ, ಆಮೇಲೆ ಬೇಕಾದರೆ ಅಗಲಿಸಿಕೊಳ್ಳಲಿ ಅಂತ ಹೆಚ್ಚಿಗೆ ಬಟ್ಟೆ ಬಿಡುತ್ತಾರಲ್ಲ, ಅದು ಗಿರಾಕಿಗಾದರೆ ಒಂದು ಬೆರಳು, ಮನೆಯವರಿಗಾದರೆ ಎರಡು ಬೆರಳು. "ಗಿರಾಕಿ ದಪ್ಪ ಆದರೆ ಇನ್ನೊಂದು ಅಂಗಡಿಗೆ ಹೋಗ್ತಾನೆ. ಮನೆಯವರು ದಪ್ಪ ಆಗೋದೂ ನಮ್ಮ ಕಣ್ಮುಂದೆ, ಸಣ್ಣ ಆಗೋದೂ ನಮ್ಮ ಕಣ್ಮುಂದೆ" ಎನ್ನುತ್ತಿದ್ದಳು. ಇದರಲ್ಲಿ ರಾಜಿಯೇ ಇಲ್ಲ. ಒಂದು ಸಲ ಮಾತಿಗೆ ಮಾತು ಬೆಳೆಸಿದ ಚಿಕ್ಕಪ್ಪನಿಗೆ ಆ ವರ್ಷ ಒಂದೂವರೆ ಬೆರಳು ಬಿಟ್ಟಿದ್ದಳು. ಪಾಪ, ಅವರಿಗೆ ಇವತ್ತಿಗೂ ಅದು ಗೊತ್ತಿಲ್ಲ.

ಈಗ ಅವಳ ಕಣ್ಣು ಮಂಜಾಗಿತ್ತು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವೆಂದು ಕಣ್ಣಿನ ಡಾಕ್ಟರಿಗೆ ತೋರಿಸಲು ಬರುತ್ತಿದ್ದಳು. ನಮ್ಮ ದರ್ಜಿಗೆ ಒಳಗೊಳಗೇ ಅದೊಂದು ಸಮಾಧಾನ: ಅಮ್ಮನಿಗೆ ಅಷ್ಟಾಗಿ ಕಾಣಿಸುವುದಿಲ್ಲ. ಹೆತ್ತ ತಾಯಿಯ ಕಣ್ಣು ಮಂಜಾಗಿದ್ದು ಒಳ್ಳೆಯದಾಯಿತು ಎಂದುಕೊಂಡ ಮಗನಿಗೆ ಏನೆನ್ನೋಣ ಹೇಳಿ!

ಶುಕ್ರವಾರ ಬೆಳಿಗ್ಗೆ ಅಮ್ಮ ಬಂದಳು. ಮೂರು ದಿನಕ್ಕೆ ಮೂರು ತಿಂಗಳಿಗಾಗುವಷ್ಟು ಸಾಮಾನು. ಡ್ರೈವರ್ ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ. ಯೂನಿಫಾರ್ಮಿನಲ್ಲೇ ಓಡಿ ಹೋಗಿ ಪೆಟ್ಟಿಗೆಯನ್ನು ಮೂರು ಮಹಡಿ ಹೊತ್ತು ತಂದ. ಬಾಗಿ ಕೆಳಗಿಟ್ಟದ್ದೇ ತಡ, ಪ್ಯಾಂಟಿನ ಗುಂಡಿ ಟಪ್ಪೆಂದು ಹಾರಿ ಅಮ್ಮನ ಕಾಲ ಬಳಿ ಬಿತ್ತು.

"ಬಂದವಳಿಗೆ ಉಡುಗೊರೆನೇನಪ್ಪಾ?" ಅಮ್ಮ ನಕ್ಕಳು. "ಕೊಡು ಆ ಪ್ಯಾಂಟು. ಗುಂಡಿದಲ್ಲ ತಪ್ಪು, ಸೊಂಟ ಬಿಗಿ. ಒಳಗೆ ಬಟ್ಟೆ ಇದ್ರೆ ಅಗಲಿಸಿಕೊಡ್ತೀನಿ."

"ಅಯ್ಯೋ ಬೇಡಮ್ಮ, ಈಗ ತಾನೇ ಬಂದಿದ್ದೀರಿ—"

"ಸುಮ್ನೆ ಕೊಡು. ಕೈ ಖಾಲಿ ಇದ್ರೆ ನನಗೆ ತಲೆನೋವು ಬರುತ್ತೆ."

ಡ್ರೈವರ್ ಪೈಜಾಮ ತೊಟ್ಟು ಪ್ಯಾಂಟು ತಂದುಕೊಟ್ಟ. ಅಮ್ಮ ಕಿಟಕಿಯ ಪಕ್ಕ ಕುಳಿತು, ಮಗನ ಕೈಲಿ ದಾರ ಪೋಣಿಸಿಕೊಂಡು, ಪ್ಯಾಂಟನ್ನು ಒಳಗು ಹೊರಗು ಮಾಡಿದಳು. ಕಣ್ಣು ಎತ್ತಲೋ ಇತ್ತು. ಬೆರಳು ಹಿಂಬದಿಯ ಹೊಲಿಗೆಗುಂಟ ಕೆಳಗಿಳಿಯಿತು, ನಿಂತಿತು, ಮತ್ತೆ ಮೇಲೆ ಬಂತು. ಇನ್ನೊಂದು ಸಲ ಎರಡು ಬೆರಳು ಜೋಡಿಸಿ ಇಟ್ಟು ನೋಡಿದಳು.

ಆಗ ಹೊಳೆಯಿತು ದರ್ಜಿಗೆ. ಡಿಪೋದವರು ಬರೀ ಬಟ್ಟೆ ಕೊಡುತ್ತಾರೆ, ಹೊಲಿಯುವವನು ತಾನೇ. ಐದು ವರ್ಷದಿಂದ ಡ್ರೈವರನ ಪ್ಯಾಂಟು, ಅಂಗಿ, ಎಲ್ಲಕ್ಕೂ ತಾನು ಎಷ್ಟು ಬಟ್ಟೆ ಬಿಡುತ್ತಿದ್ದೇನೆಂದು ಒಂದು ದಿನವೂ ಯೋಚಿಸಿರಲಿಲ್ಲ. ಬಾಯಿ ಹೇಳದೆ ಇದ್ದದ್ದನ್ನು ಕೈ ಯಾವತ್ತೋ ಹೇಳಿಬಿಟ್ಟಿತ್ತು. ಫೋಟೋ ಬಚ್ಚಿಟ್ಟ, ಬ್ರಷ್ ಬಚ್ಚಿಟ್ಟ, ಸಾಕ್ಷಿ ಮಾತ್ರ ಅಮ್ಮನ ತೊಡೆಯ ಮೇಲೇ ಬಂದು ಬಿದ್ದಿತ್ತು.

"ಇದನ್ನ ಯಾರು ಹೊಲಿದಿದ್ದು?" ಅಮ್ಮ ಮೆಲ್ಲಗೆ ಕೇಳಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ಡಿಪೋದಲ್ಲಿ!" ಎಂದ ದರ್ಜಿ, ಕೇಳಿ ಮುಗಿಯುವ ಮೊದಲೇ. "ಅಲ್ಲೇ ಹೊಲಿಸಿ ಕೊಡ್ತಾರೆ ಅಮ್ಮ. ಎಲ್ಲರಿಗೂ."

ಅಮ್ಮ ಅವನ ಮುಖದ ಕಡೆ ನೋಡಿದಳು. ಎಷ್ಟು ಕಾಣಿಸಿತೋ ಗೊತ್ತಿಲ್ಲ. "ಹೌದಾ? ಡಿಪೋದ ಟೈಲರ್ ಒಳ್ಳೆ ಕೆಲಸಗಾರ" ಎಂದು ಹೊಲಿಗೆ ಬಿಚ್ಚತೊಡಗಿದಳು.

ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು ದರ್ಜಿ ಡ್ರೈವರನಿಗೆ ಎರಡು ಬೆರಳಿನ ಕಥೆಯನ್ನು ಪಿಸುಗುಟ್ಟಿದ. ಡ್ರೈವರ್ ಒರೆಸುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತ.

"ಐದು ವರ್ಷದಿಂದ ನನ್ನ ಹೊಟ್ಟೆ ನೋಡಿ ಆಡ್ಕೊಂಡೆ. ಒಳಗೊಳಗೇ ಎರಡು ಬೆರಳು ಬಿಡ್ತಾನೇ ಇದ್ದೆಯಾ?"

"ಗೊತ್ತಿಲ್ದೆ ಬಿಟ್ಟಿದ್ದು."

"ಗೊತ್ತಿಲ್ದೆ ಬಿಟ್ಟಿದ್ದಕ್ಕೇ ಕಣೋ ಬೆಲೆ." ಡ್ರೈವರನ ಕಣ್ಣು ಒದ್ದೆಯಾಗಿತ್ತು. ತಟ್ಟೆಯನ್ನು ಇನ್ನೊಮ್ಮೆ ಒರೆಸಿದ. "ಮತ್ತೆ ಡಿಪೋ ಅಂದ್ಯಲ್ಲ ಅಲ್ಲಿ? ಅಜ್ಜಿಗೇ ಕೆಮ್ಮು ಕಲಿಸೋಕೆ ಹೋದೆಯಲ್ಲ ಸೂಜಿ!"

ಶನಿವಾರ ಡ್ರೈವರ್ ಅಮ್ಮನನ್ನು ತನ್ನ ಬಸ್ಸಿನಲ್ಲೇ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಆಸ್ಪತ್ರೆಯ ಸ್ಟಾಪಿನಲ್ಲಿ ಮಗನ ಜೊತೆ ಇಳಿಸಿ ಹೋದ. ಕಣ್ಣಿಗೆ ಏನೂ ಆಗಿಲ್ಲ, ನಂಬರು ಬದಲಾಗಿದೆ ಅಷ್ಟೇ ಎಂದರು ಡಾಕ್ಟರು. ಸಂಜೆಗೆ ಹೊಸ ಕನ್ನಡಕವೂ ಬಂತು. ಅಮ್ಮ ಅದನ್ನು ಹಾಕಿಕೊಂಡು ಮನೆಯನ್ನೆಲ್ಲ ಒಂದು ಸುತ್ತು ನೋಡಿದಳು. ಚಿಕ್ಕ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, "ಪಾಪ, ಐದು ವರ್ಷ ಈ ಮಂಚದಲ್ಲಿ ಹೇಗಪ್ಪಾ ಮಲಗಿದೆ? ನಿನ್ನ ಅರ್ಧ ಮೈ ಹೊರಗೇ ಇರುತ್ತಲ್ಲ" ಎಂದಳು.

"ಅಭ್ಯಾಸ ಆಗಿದೆ ಅಮ್ಮ" ಎಂದ ಡ್ರೈವರ್, ದರ್ಜಿಯ ಕಡೆ ನೋಡದೆ.

ಊಟಕ್ಕೆ ಕುಳಿತಾಗ ಅಮ್ಮನ ಬಾಯಲ್ಲಿ ಡಿಪೋದ ಟೈಲರನ ಗುಣಗಾನ. ಎಂಥ ಕೈ! ಎಂಥ ಮನಸ್ಸು! ಬಸ್ಸಿನವರಿಗೆಲ್ಲ ಅಷ್ಟು ಬಟ್ಟೆ ಬಿಟ್ಟು ಹೊಲಿಯಬೇಕಾದರೆ ಅವನಿಗೆ ಎಷ್ಟು ಜನ ಮನೆಯವರಿರಬೇಡ! ನನಗೊಂದು ಸಲ ಆ ಪುಣ್ಯಾತ್ಮನನ್ನು ತೋರಿಸ್ರಪ್ಪಾ. ಡ್ರೈವರ್ ಕೆಮ್ಮುತ್ತ ನೀರು ಕುಡಿದ. ದರ್ಜಿ ತಟ್ಟೆಯೊಳಗೇ ಮುಖವಿಟ್ಟು ತಿಂದ. ಹೇಳಿಬಿಡೋಣ ಎಂದು ಮೂರು ಸಲ ಬಾಯಿ ತೆರೆದ. ಮೂರು ಸಲವೂ "ಉಪ್ಪು ಕೊಡು" ಎಂದ. ಅವನ ತಟ್ಟೆಯ ಪಕ್ಕ ಉಪ್ಪಿನ ಡಬ್ಬ ಹಾಗೇ ಇತ್ತು.

ಭಾನುವಾರ ಸಂಜೆ ನಾಲ್ಕಕ್ಕೆ ಅಮ್ಮನ ಬಸ್ಸು. ಬೆಳಿಗ್ಗೆ ತಿಂಡಿ ಮುಗಿಸಿದವಳೇ ಪೆಟ್ಟಿಗೆಯಿಂದ ನೀಲಿ ಬಟ್ಟೆಯೊಂದನ್ನು ತೆಗೆದು ಮೇಜಿನ ಮೇಲೆ ಹರವಿ ಮಗನಿಗೆ ಹೇಳಿದಳು, "ನಿನಗೆ ಅಂತ ತಂದಿದ್ದೆ. ಆದರೆ ಮೂರು ಮಹಡಿ ಪೆಟ್ಟಿಗೆ ಹೊತ್ತಿದ್ದು ನೀನಲ್ಲ. ಬಾರಪ್ಪಾ ಇಲ್ಲಿ, ಅಂಗಿ ಕತ್ತರಿಸಿ ಹೋಗ್ತೀನಿ. ಹೊಲಿಯೋಕೆ ಡಿಪೋದವನು ಇದ್ದಾನಲ್ಲ."

ಡ್ರೈವರ್ ಎರಡೂ ಕೈ ಅಗಲಿಸಿ ನಿಂತ. ಅಮ್ಮ ಭುಜ, ಎದೆ, ತೋಳು ಅಳೆದಳು. ಸೀಮೆಸುಣ್ಣದ ಚೂರಿನಿಂದ ಬಟ್ಟೆಯ ಮೇಲೆ ಗೆರೆ ಎಳೆದಳು. ಕತ್ತರಿ ಎತ್ತಿಕೊಂಡು, ತಲೆ ಎತ್ತದೆ, ಕೇಳಿದಳು:

"ಎಷ್ಟು ಬಿಡ್ಲಿ? ಒಂದು ಬೆರಳೋ, ಎರಡು ಬೆರಳೋ?"

ಡ್ರೈವರ್ ಅಗಲಿಸಿದ್ದ ಕೈಯನ್ನು ಇಳಿಸುವುದನ್ನೇ ಮರೆತಿದ್ದ. ಅವನ ಜೇಬಿನಿಂದ ಆ ಮಡಚಿದ ಫಾರಂ ಇಷ್ಟುದ್ದ ಇಣುಕುತ್ತಿತ್ತು. ಒಂದು ಅಂದರೆ ಎಲ್ಲ ಸುಸೂತ್ರ. ಅಮ್ಮ ಕತ್ತರಿಸುತ್ತಾಳೆ, ನಾಲ್ಕು ಗಂಟೆಗೆ ಹೋಗುತ್ತಾಳೆ, ನಾಳೆ ಇವನು ಫಾರಂ ತುಂಬಿಕೊಡುತ್ತಾನೆ.

"ಎರಡು" ಎಂದ ದರ್ಜಿ.

"ಯಾಕೆ? ರೂಮ್‌ಮೇಟ್‌ಗೆ ಒಂದು ಸಾಕಲ್ವಾ?"

"ರೂಮ್‌ಮೇಟ್ ಅಲ್ಲಮ್ಮ." ಅವನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. "ಐದು ವರ್ಷದಿಂದ ನಾವಿಬ್ಬರೂ ಒಂದೇ. ಆ ದೊಡ್ಡ ಕೋಣೆ ನಮ್ಮಿಬ್ಬರದು. ಪ್ಯಾಂಟು ಹೊಲಿದಿದ್ದು ನಾನು. ನನಗೆ ಇವನಂದ್ರೆ ಪ್ರಾಣ ಅಮ್ಮ. ಮದುವೆ ಗಿದುವೆ ನನ್ನಿಂದ ಆಗಲ್ಲ, ಹುಡುಗಿ ನೋಡೋದು ಬಿಟ್ಬಿಡು."

ಅಮ್ಮ ಕತ್ತರಿ ಕೆಳಗಿಟ್ಟಳು. ಕುರ್ಚಿ ಎಳೆದುಕೊಂಡು ಕುಳಿತಳು. ಹೊಸ ಕನ್ನಡಕ ತೆಗೆದು ನೀಲಿ ಬಟ್ಟೆಯ ಮೂಲೆಯಿಂದ ಒರೆಸಿದಳು, ಗಾಜನ್ನಲ್ಲ, ಕಣ್ಣನ್ನು.

"ಶುಕ್ರವಾರದಿಂದ ಗೊತ್ತು ನನಗೆ. ಅತ್ತಿದ್ದೀನಿ. ನೀನು ಹೀಗೆ ಅಂತಲೂ ಸ್ವಲ್ಪ ಅತ್ತೆ, ಸುಳ್ಳು ಯಾಕೆ ಹೇಳ್ಲಿ. ಊರಲ್ಲಿ ಏನು ಹೇಳೋದು, ನಿಮ್ಮಕ್ಕನಿಗೆ ಏನು ಹೇಳೋದು, ಇನ್ನೂ ತಲೆಗೆ ಹೋಗ್ತಿಲ್ಲ. ಅದು ಆಮೇಲೆ ನೋಡ್ಕೊಳ್ಳೋಣ. ಆದರೆ ಹೊಟ್ಟೆ ಉರಿದಿದ್ದು ಯಾವುದಕ್ಕೆ ಗೊತ್ತಾ? ನಾನು ಕೈ ಹಿಡಿದು ಕಲಿಸಿದ ಹೊಲಿಗೆನ ನನ್ನ ಮುಂದೆನೇ ಡಿಪೋದ್ದು ಅಂದ್ಯಲ್ಲೋ! ನನ್ನ ಕಂಡ್ರೆ ಅಷ್ಟು ಭಯನಾ ನಿನಗೆ? ನಾನೇನು ಹುಲಿನಾ?"

"ತಪ್ಪಾಯ್ತಮ್ಮ."

"ಐದು ವರ್ಷ! ನಿನಗೆ ಅಂತ ಹುಡುಗಿಯರ ಫೋಟೋ ನೋಡಿ ನೋಡೇ ನನ್ನ ಕಣ್ಣು ಹಾಳಾಗಿದ್ದು. ಈ ಕನ್ನಡಕಕ್ಕೆ ನೀನೇ ಕಾರಣ." ಮೂಗು ಒರೆಸಿಕೊಂಡಳು. ಆಮೇಲೆ ಡ್ರೈವರನ ಕಡೆ ತಿರುಗಿದಳು. "ನೀನ್ಯಾಕಪ್ಪಾ ಇನ್ನೂ ಕೈ ಚಾಚಿಕೊಂಡು ನಿಂತಿದ್ದೀಯ, ಹಕ್ಕಿ ಓಡಿಸೋನ ಹಾಗೆ? ಇಳಿಸು."

ಡ್ರೈವರ್ ಕೈ ಇಳಿಸಿದ. ಹಗಲೆಲ್ಲ ಬಸ್ಸು ತುಂಬ ಮಾತಾಡುವವನು ಮಗುವಿನ ಹಾಗೆ ಬಿಕ್ಕಿದ.

"ಶುರುವಾಯ್ತಾ! ಇಬ್ಬರೂ ಅತ್ತರೆ ಬಟ್ಟೆ ನೆನೆಯುತ್ತೆ" ಎಂದು ಗದರಿ ಅಮ್ಮ ಎದ್ದಳು. ಕತ್ತರಿ ಕೈಗೆತ್ತಿಕೊಂಡು, ಗೆರೆಯ ಆಚೆ ಎರಡು ಬೆರಳು ಇಟ್ಟಳು. ಒಂದು ಕ್ಷಣ ಡ್ರೈವರನ ಹೊಟ್ಟೆ ನೋಡಿದಳು. ಇನ್ನೊಂದು ಬೆರಳನ್ನೂ ಜೋಡಿಸಿದಳು.

"ಮೂರಾ ಅಮ್ಮ?" ದರ್ಜಿ ಬಾಯಿಬಿಟ್ಟ. ಅಪ್ಪನಿಗೂ ಅವಳು ಎರಡೇ ಬಿಟ್ಟದ್ದು.

"ಮತ್ತೇನು? ನಾನು ಇನ್ನೊಂದು ಸಲ ಬರೋ ಹೊತ್ತಿಗೆ ಇವನು ಬಾಗಿಲಲ್ಲಿ ಹಿಡಿಸದಿದ್ರೂ ಅಂಗಿಯಲ್ಲಿ ಹಿಡಿಸಬೇಕಲ್ಲ." ಕತ್ತರಿ ಕರಕರ ಎಂದು ಓಡಿತು. "ಸೊಂಟದ್ದೂ ಅಳತೆ ತಗೊಳ್ತೀನಿ. ಊರಿಂದ ಒಂದು ಪ್ಯಾಂಟು ಹೊಲಿದು ಕಳಿಸ್ತೀನಿ. ಬರ್ಕೊಳ್ಳೋಕೆ ಒಂದು ಕಾಗದ ಕೊಡ್ರೋ."

ದರ್ಜಿ ಅತ್ತಿತ್ತ ಹುಡುಕಿದ. ಡ್ರೈವರ್ ಜೇಬಿಗೆ ಕೈ ಹಾಕಿ, ಡಿಪೋದ ಫಾರಂ ತೆಗೆದು, ಮಡಿಕೆ ಬಿಡಿಸಿ, ಹಿಂಬದಿ ಮೇಲೆ ಮಾಡಿ ಅವನ ಮುಂದಿಟ್ಟ. "ಇದರ ಹಿಂದೆ ಬರ್ಕೋ ಸೂಜಿ. ಖಾಲಿ ಇದೆ."

ದರ್ಜಿ ಪೆನ್ಸಿಲ್ ಹಿಡಿದ. ಅಮ್ಮ ಟೇಪನ್ನು ಡ್ರೈವರನ ಸೊಂಟಕ್ಕೆ ಸುತ್ತಿದಳು. ಅವನು ಉಸಿರೆಳೆದು ಹೊಟ್ಟೆಯನ್ನು ಒಳಗೆ ಎಳೆದುಕೊಂಡ.

"ಮೂವತ್ತೆಂಟು ಅಲ್ವಾ ಅಮ್ಮ?" ಎಂದ, ಉಸಿರು ಕಟ್ಟಿಕೊಂಡೇ.

"ಉಸಿರು ಬಿಡಪ್ಪಾ" ಎಂದಳು ಅಮ್ಮ. ಬಿಟ್ಟ. ಅವಳು ಟೇಪನ್ನು ಕನ್ನಡಕದ ಹತ್ತಿರ ತಂದು ನೋಡಿ ಮಗನಿಗೆ ಹೇಳಿದಳು, "ನಲವತ್ತು ಅಂತ ಬರ್ಕೋ. ಮನೆಯವರ ಹತ್ರ ಸುಳ್ಳು ಯಾಕೆ?"